ಶೇ. 40ರ ಗೆರೆ ಶಾಲೆಯ ಬಾಗಿಲಲ್ಲಿ ಇಲ್ಲ

ಎಲ್ಲರಿಗೂ ನಮಸ್ಕಾರ. ಮೈಸೂರು, ಮಂಡ್ಯ ಎರಡೂ ಕಡೆಯಿಂದ ಮೇಷ್ಟ್ರುಗಳು, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಮಕ್ಕಳ ತಂದೆತಾಯಿಯರು ಬಂದಿದ್ದೀರಿ. ಅದಕ್ಕೆ ಪೀಠಿಕೆ ಬಿಟ್ಟು ದಾಖಲಾತಿಯ ದಿನಕ್ಕೇ ಬರುತ್ತೇನೆ. ಅಂಗವಿಕಲ ಮಗುವನ್ನು ಕರೆತಂದ ತಾಯಿಗೆ ಎದುರಾಗುವ ಮೊದಲ ಪ್ರಶ್ನೆ: “ಯುಡಿಐಡಿ ಕಾರ್ಡ್ ಇದೆಯೇನಮ್ಮಾ? ಎಷ್ಟು ಪರ್ಸೆಂಟು?” ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಚೀಟಿ, ಪರ್ಸೆಂಟು ಅಂದರೆ ವೈದ್ಯರು ಅಳೆದ ಅಂಗವೈಕಲ್ಯದ ಪ್ರಮಾಣ. ದಾಖಲಾತಿಗೆ ಈ ಪ್ರಶ್ನೆ ಬೇಕಾಗಿಯೇ ಇಲ್ಲ. ಈ ಪರ್ಸೆಂಟು ಎಲ್ಲಿಂದ ಬಂತು, ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದೇ ಇವತ್ತಿನ ಮಾತು.

ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ಆ ಕಾಲಕ್ಕೆ ಅದು ದೊಡ್ಡ ಕೆಲಸ. ಆದರೆ ಮಗುವಿಗೆ ಅಲ್ಲಿ ಸೀಟು ಕೇಳುವ ಹಕ್ಕಿದೆ ಎಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಅಂಗವಿಕಲ ಮಕ್ಕಳೂ ಆದಷ್ಟು ಮಟ್ಟಿಗೆ ಸಾಮಾನ್ಯ ಶಾಲೆಯಲ್ಲೇ ಓದಲಿ ಎಂದದ್ದು 1964–66ರ ಕೊಠಾರಿ ಆಯೋಗ. ಅದಕ್ಕಾಗಿ ಕೇಂದ್ರದ ಯೋಜನೆ ಬಂದದ್ದು 1974ರಲ್ಲಿ. ಯೋಜನೆಯ ಹಣೆಬರಹ ನಿಮಗೆ ಗೊತ್ತು, ಅನುದಾನ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಪೆನ್ಸಿಲ್ವೇನಿಯಾ ಮತ್ತು ವಾಷಿಂಗ್ಟನ್‌ನ ಪೋಷಕರು ಕೋರ್ಟಿಗೆ ಹೋಗಿ ಗೆದ್ದಿದ್ದರು. 1975ರಲ್ಲಿ ಅಲ್ಲಿ ಕಾನೂನೇ ಬಂತು, ಪ್ರತಿ ಅಂಗವಿಕಲ ಮಗುವಿಗೂ ಲಿಖಿತ ಕಲಿಕಾ ಯೋಜನೆ ಕಡ್ಡಾಯವಾಯಿತು.

ನಮ್ಮಲ್ಲಿ ಅದಕ್ಕೆ ಇನ್ನೂ 20 ವರ್ಷ ಹಿಡಿಯಿತು. 1995ರ ಅಂಗವಿಕಲರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಆದರೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿ, ವೈದ್ಯರ ಪ್ರಕಾರ ಕನಿಷ್ಠ ಶೇ. 40 ಇದ್ದವರನ್ನಷ್ಟೇ ಅಂಗವಿಕಲರೆಂದು ಒಪ್ಪಿತು. ಶೇ. 35 ಇದ್ದ ಮಗು ಕಾನೂನಿನ ಕಣ್ಣಿಗೆ ಬೀಳಲೇ ಇಲ್ಲ. ನಮ್ಮ ಶಾಲೆಗಳ ರೂಢಿ ಇವತ್ತಿಗೂ ನಿಂತಿರುವುದು ಈ ಹಳೇ ಕಾಯ್ದೆಯ ಮೇಲೆ.

2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದಕ್ಕೆ ತಕ್ಕಂತೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಏಳಿದ್ದದ್ದು 21 ಆಯಿತು. ಓದು-ಬರಹದಲ್ಲಿ ತೊಡಕಿರುವ ನಿರ್ದಿಷ್ಟ ಕಲಿಕಾ ನ್ಯೂನತೆಯ ಮಕ್ಕಳು ಮೊದಲ ಬಾರಿಗೆ ಒಳಗೆ ಬಂದರು. ಅದಕ್ಕಿಂತ ಮುಖ್ಯವಾಗಿ, ಕಾಯ್ದೆ ಒಂದೇ ಗುಂಪನ್ನು ಎರಡು ಮಾಡಿತು: ಅಂಗವಿಕಲರೆಲ್ಲರೂ ಒಂದು, ಅವರಲ್ಲಿ ಕನಿಷ್ಠ ಶೇ. 40 ಇದ್ದವರು ಇನ್ನೊಂದು. 16ನೇ ಕಲಮು ಭೇದವಿಲ್ಲದ ದಾಖಲಾತಿ, ಹತ್ತಿ ಇಳಿಯಬಲ್ಲ ಕಟ್ಟಡ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ, ಸಾರಿಗೆ ಇವನ್ನೆಲ್ಲ ಹೇಳುತ್ತದೆ. ಅಲ್ಲಿ ಶೇಕಡಾವಾರಿನ ಮಾತೇ ಇಲ್ಲ. 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣ (31ನೇ ಕಲಮು), ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ (32ನೇ ಕಲಮು) ಇಂಥವಕ್ಕೆ ಮಾತ್ರ ಶೇ. 40 ಬೇಕು. 16ನೇ ಕಲಮಿನಲ್ಲಿ ಸರ್ಕಾರ ‘ಪ್ರಯತ್ನಿಸತಕ್ಕದ್ದು’ ಎಂಬ ಸಡಿಲ ಪದ ಕೂತಿದೆ, ಅದು ನನಗೆ ಹಿಡಿಸಿಲ್ಲ. ಆದರೂ ಮಗುವನ್ನು ವಾಪಸ್ ಕಳಿಸಲು ಆ ಪದ ಯಾರಿಗೂ ಅಧಿಕಾರ ಕೊಡುವುದಿಲ್ಲ.

ಗೆರೆಯ ಆಚೆ ಉಳಿಯುವ ಮಗು ಹೇಗಿರುತ್ತದೆ ನೋಡೋಣ. ಕಾಯ್ದೆಯ ಪಟ್ಟಿಯಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬೆಲ್ (ಸದ್ದಿನ ಅಳತೆ) ಶ್ರವಣನಷ್ಟವಿದ್ದರೆ ಮಂದಶ್ರವಣ, 70 ಆದರೆ ಕಿವುಡು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, 50 ಡೆಸಿಬೆಲ್ ನಷ್ಟ, ಅಂದರೆ ಅದಕ್ಕಿಂತ ಸಣ್ಣ ಸದ್ದು ಕೇಳಿಸದು ಎಂಬ ಚೀಟಿ ಹಿಡಿದು ಒಂದು ಮಗು ಬಂತು ಅನ್ನಿ. ಮೇಷ್ಟ್ರ ದನಿ ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಇಮ್ಮಡಿಯಾದಂತೆಲ್ಲ ಅಂದಾಜು 6 ಕಡಿಮೆ. ನಾಲ್ಕು ಮೀಟರ್ ಆಚೆಯ ಬೆಂಚಿಗೆ ತಲುಪುವುದು 48 ಅಷ್ಟೇ. ಮೇಲೆ ಫ್ಯಾನಿನ ಸದ್ದು ಬೇರೆ. ಆ ಮಗುವಿಗೆ ಪಾಠ ಕೇಳಿಸುವುದಿಲ್ಲ, ಪಟ್ಟಿಯ ಪ್ರಕಾರ ಅದು ಮಂದಶ್ರವಣವೂ ಅಲ್ಲ! ಕೊನೆಗೆ ‘ಗಮನ ಕೊಡಲ್ಲ’ ಎಂಬ ಹೆಸರು ಹೊತ್ತು ಹಿಂದಿನ ಬೆಂಚಿಗೇ ಹೋಗುತ್ತದೆ. ಅದನ್ನು ಮುಂದಿನ ಬೆಂಚಿಗೆ ಕರೆದು, ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಮೇಷ್ಟ್ರು ಬಿಡುವುದಕ್ಕೆ ಯಾವ ಸರ್ಟಿಫಿಕೇಟೂ ಬೇಡ.

ಪರೀಕ್ಷೆಯ ವಿಷಯದಲ್ಲೂ ಇದೇ ಗೊಂದಲವಿತ್ತು. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಟ್ಟಿತು, ಅಂದರೆ ಮೂರು ಗಂಟೆಯ ಪತ್ರಿಕೆಗೆ ಪೂರಾ ಒಂದು ಗಂಟೆ. ಆದರೆ ಅದು ಶೇ. 40 ದಾಟಿದವರಿಗೆ. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ಕೊಡಲು ಶೇ. 40 ಷರತ್ತಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಶೇ. 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೂ ಮಾರ್ಗಸೂಚಿ ಬಂತು. ಇಷ್ಟಾದರೂ ಎಡವಟ್ಟಾಗುವುದು ಶಾಲೆಯಲ್ಲೇ. ಹತ್ತನೇ ತರಗತಿಯ ಮಗುವಿನ ವಿಷಯ ಪರೀಕ್ಷಾ ನೋಂದಣಿಯ ಹೊತ್ತಿಗೆ ನೆನಪಾಗದೆ, ಪ್ರವೇಶಪತ್ರ ಕೈಗೆ ಬಂದ ಮೇಲೆ ನೆನಪಾಗುತ್ತದೆ. ಎಂಟನೇ ತರಗತಿಯಿಂದಲೇ ಕಿರುಪರೀಕ್ಷೆಗಳಲ್ಲಿ ಲಿಪಿಕಾರರ ಜತೆ ಕೂರಿಸಿ. ಹೇಳಿ ಬರೆಸುವುದೂ ಒಂದು ವಿದ್ಯೆ, ಅದು ಒಂದು ವಾರದಲ್ಲಿ ಬರುವುದಿಲ್ಲ.

ರ‍್ಯಾಂಪಿನ ಬಗ್ಗೆ ಎಸ್‌ಡಿಎಂಸಿಯವರಿಗೆ ಎರಡು ಮಾತು. ಇಳಿಜಾರು 1:12, ಅಂದರೆ ಎತ್ತರದ 12 ಪಟ್ಟು ಉದ್ದ. ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪಿನ ಉದ್ದ 5.4 ಮೀಟರ್. ಜಾಗವಿಲ್ಲವೆಂದು ಎರಡು ಮೀಟರಿಗೇ ಸಿಮೆಂಟು ಮೆತ್ತಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ನೇರ ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ ಕಟ್ಟಿ. ಹೆಡ್‌ಮಾಸ್ಟರ ಕೊಠಡಿಗೆ ರ‍್ಯಾಂಪು ಮಾಡಿಸಿ ಶೌಚಾಲಯಕ್ಕೆ ಮೆಟ್ಟಿಲನ್ನೇ ಉಳಿಸುವುದು ಇನ್ನೊಂದು ಮಾಮೂಲಿ ತಪ್ಪು.

ಮನೆಯಲ್ಲೇ ಪಾಠದ ಬಗ್ಗೆಯೂ ಹೇಳಿಬಿಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಆರಿಸಿಕೊಳ್ಳಬೇಕಾದವರು ಮಗು ಮತ್ತು ಮನೆಯವರು. “ಇವನಿಗೆ ಮನೆಯೇ ಸರಿ” ಎಂದು ಶಾಲೆ ತೀರ್ಮಾನಿಸುವಂತಿಲ್ಲ.

ವಿಶೇಷ ಶಿಕ್ಷಕರು ಎಲ್ಲಿದ್ದಾರೆ ಎಂದು ನೀವು ಕೇಳುವುದು ನ್ಯಾಯವೇ. ಪ್ರಾಥಮಿಕ ಹಂತದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬರು, ಮೇಲಿನ ಹಂತಗಳಲ್ಲಿ 15ಕ್ಕೆ ಒಬ್ಬರು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಹುದ್ದೆಗಳನ್ನು ಮಂಜೂರು ಮಾಡಿ ಎಂದು 2025ರಲ್ಲಿ ರಾಜ್ಯಗಳಿಗೆ ಮತ್ತೆ ಆದೇಶಿಸಬೇಕಾಯಿತು.

ಅಲ್ಲಿಯವರೆಗೆ ತಂದೆತಾಯಿಯರು ಮಾಡಬೇಕಾದದ್ದು ಇಷ್ಟು. ದಾಖಲಾತಿ ಇಲ್ಲ ಎಂದರೆ ಬಾಯಿಮಾತಿಗೆ ಒಪ್ಪಬೇಡಿ, ಕಾರಣ ಬರೆದು ಕೊಡಿ ಎಂದು ಅರ್ಜಿ ಕೊಟ್ಟು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಆ ಪ್ರತಿಯೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರನ್ನು ಕಾಣಿ. ಅಂಗವಿಕಲ ಮಕ್ಕಳ ದಾಖಲಾತಿ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು 2017ರ ನಿಯಮ ಹೇಳುತ್ತದೆ, ಮುಂದಿನ ಅರ್ಜಿ ಅವರಿಗೆ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ, ಅಂಗವಿಕಲರ ರಾಜ್ಯ ಆಯುಕ್ತರಿಗೆ. ಯುಡಿಐಡಿಗೆ ಅರ್ಜಿ ಹಾಕುವುದಿದ್ದರೆ ಅದನ್ನೂ ಹಾಕಿ. ಆದರೆ ಕಾರ್ಡು ಬರುವತನಕ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.