ತಲೆ ಎಣಿಕೆ ಮತ್ತು ಸಾಲದ ಪತ್ರ

ಕೇಳುಗರಿಗೆ ನಮಸ್ಕಾರ.

ಜನ ಜಾಸ್ತಿಯಾದರೆ ಬಡತನ ಬಂದೇ ಬರುತ್ತದೆ ಅಂತ ನಾವೆಲ್ಲ ಕೇಳಿದ್ದೇವೆ, ಅಲ್ವಾ? ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಅಧಿಕಾರಿಗಳಲ್ಲಿ ಅನೇಕರು ಇದನ್ನು ನಂಬಿದ್ದರು. ಬರದಲ್ಲಿ ಜನ ಸತ್ತಾಗಲೂ, ಭೂಮಿ ಹೊರಲಾರದಷ್ಟು ಜನ ಹುಟ್ಟಿದ್ದೇ ಕಾರಣ ಅಂದರು.

ನಮ್ಮ ಮೈಸೂರು ಸಂಸ್ಥಾನದ ಲೆಕ್ಕವನ್ನೇ ನೋಡೋಣ. 1871ರ ಜನಗಣತಿಯಲ್ಲಿ ಇಲ್ಲಿ ಸುಮಾರು 50 ಲಕ್ಷ ಜನ. 1881ರಲ್ಲಿ ಸುಮಾರು 42 ಲಕ್ಷ. ನಡುವೆ, 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳ ಆ ಭೀಕರ ಬರ. ಜನವೇನೋ ಕಡಿಮೆಯಾದರು. ಉಳಿದವರ ಪಾಲಿಗೆ ರಾಗಿ ಹೆಚ್ಚಾಯಿತೇ? ಇಲ್ಲ. ದನಕರು ಸತ್ತು, ಹೊಲಗಳು ಬೀಳುಬಿದ್ದವು. ಸಂಸ್ಥಾನದ ತಲೆ ಮೇಲೆ ಬರದ ಸಾಲವೇ 80 ಲಕ್ಷ ರೂಪಾಯಿ. ಆರರಲ್ಲಿ ಒಂದು ಪಾಲಿನಷ್ಟು ಜನ ಹೋದರೂ ಬಡತನ ಹೋಗಲಿಲ್ಲ.

ಜಮೀನು ಮಕ್ಕಳ ನಡುವೆ ಪಾಲಾಗಿ ಚಿಕ್ಕದಾಗುತ್ತಿದ್ದುದು ನಿಜ. ಆದರೆ ರೈತನ ಕುತ್ತಿಗೆ ಬಿಗಿದದ್ದು ಬರೀ ಜನಸಂಖ್ಯೆಯಲ್ಲ. ಕಂದಾಯವನ್ನು ನಗದಾಗಿ, ಕಂತಿನ ದಿನಕ್ಕೆ ಕಟ್ಟಬೇಕು. ಕೈಯಲ್ಲಿ ಕಾಸಿಲ್ಲದಿದ್ದರೆ ಸಾಹುಕಾರನ ಮನೆ. ಅವನು ಪತ್ರ ಬರೆಯುತ್ತಾನೆ, ಇವನು ಗುರುತು ಹಾಕುತ್ತಾನೆ. ಬಡ್ಡಿ ಎಷ್ಟು, ಅಸಲು ಎಷ್ಟು, ಅಡವಿಟ್ಟದ್ದು ಯಾವ ಹೊಲ, ಓದೋಕೆ ಬಂದರೆ ತಾನೇ ಗೊತ್ತಾಗೋದು? ಕೋರ್ಟಿನಲ್ಲಿ ಮಾತ್ರ ಆ ಕಾಗದವೇ ಸಾಕ್ಷಿ.

1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ದಂಗೆ ಎದ್ದಾಗ ಸಾಹುಕಾರರಿಂದ ಮುಖ್ಯವಾಗಿ ಕಿತ್ತುಕೊಂಡದ್ದು ಈ ಸಾಲಪತ್ರಗಳನ್ನೇ. ಕಿತ್ತುಕೊಂಡು ಸುಟ್ಟರು. ಅಕ್ಷರ ಬಾರದವರಿಗೂ ತಮ್ಮನ್ನು ಕಟ್ಟಿಹಾಕಿದ್ದು ಯಾವುದು ಅಂತ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷದ ಮೇಲೆ ಸರ್ಕಾರ ಕಾನೂನು ತಂದಿತು. ಅಲ್ಲಿನ ರೈತರ ಸಾಲಪತ್ರಗಳನ್ನು ಹಳ್ಳಿಯ ನೋಂದಣಿ ಅಧಿಕಾರಿಯ ಎದುರಿಗೇ ಬರೆಸಬೇಕು ಎಂದಾಯಿತು.

ಓದು ಕಲಿಸುವುದೇ ಇದಕ್ಕೆ ಮದ್ದು ಅಂತ ಪುಣೆಯ ಸಮಾಜ ಸುಧಾರಕ ಜೋತಿಬಾ ಫುಲೆಯವರು ಪಟ್ಟು ಹಿಡಿದಿದ್ದರು. 1882ರಲ್ಲಿ, ಶಿಕ್ಷಣದ ಸ್ಥಿತಿ ವಿಚಾರಿಸಲು ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಅವರು ಹೇಳಿದ್ದು ಇಷ್ಟು: ಖಜಾನೆ ತುಂಬುವುದು ರೈತನ ಬೆವರಿನಿಂದ, ಆ ಹಣದಲ್ಲಿ ಓದುವುದು ಮೇಲಿನವರ ಮಕ್ಕಳು, ಹನ್ನೆರಡು ವರ್ಷದವರೆಗಾದರೂ ಶಾಲೆ ಕಡ್ಡಾಯ ಮಾಡಿ. ಸರ್ಕಾರ ಒಪ್ಪಲಿಲ್ಲ. 1901ರ ಜನಗಣತಿ ಹೊತ್ತಿಗೆ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಐದು ಮಂದಿ. ಹೆಂಗಸರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಮೈಸೂರಿನಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂದದ್ದು 1913ರಲ್ಲಿ. ಬರ ಕಂಡ ಮಕ್ಕಳು ಅಷ್ಟರಲ್ಲಿ ಅಜ್ಜ ಅಜ್ಜಿಯರಾಗಿದ್ದರು.