ಗುರಿಕಾರನ ಕೈ, ಹಡಗಿನ ಓಲಾಟ: ಅಡ್ಮಿರಲ್ ಪರ್ಸಿ ಸ್ಕಾಟ್

ಸಭಿಕರಿಗೆ ನಮಸ್ಕಾರ.

1899ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಬ್ರಿಟಿಷ್ ನೌಕಾಪಡೆಯ ವಾರ್ಷಿಕ ಗುರಿಸ್ಪರ್ಧೆ ನಡೆಯಿತು. ‘ಸಿಲ್ಲಾ’ ಎಂಬ ಸಣ್ಣ ಕ್ರೂಸರ್ ಹಡಗಿನ ತೋಪುಗಳು 70 ಗುಂಡುಗಳನ್ನು ಹಾರಿಸಿದವು. ಅವುಗಳಲ್ಲಿ 56 ಗುರಿಗೆ ಬಿದ್ದವು, ಎಂದರೆ ನೂರಕ್ಕೆ ಎಂಬತ್ತು. ಆ ಕಾಲದಲ್ಲಿ ಉಳಿದ ಹಡಗುಗಳಿಗೆ ನೂರಕ್ಕೆ ಮೂವತ್ತು ಸಿಕ್ಕರೆ ದೊಡ್ಡದು. ಎಲ್ಲರಿಗೂ ಅದೇ ಕಾರ್ಖಾನೆಯ ತೋಪು, ಅದೇ ಸಂಬಳದ ನಾವಿಕರು. ಫಲಿತಾಂಶ ನೋಡಿದ ಹಿರಿಯ ಅಧಿಕಾರಿಗಳಲ್ಲಿ ಹಲವರಿಗೆ ಮೊದಲು ಬಂದದ್ದು ಮೆಚ್ಚುಗೆಯಲ್ಲ, ಅನುಮಾನ.

ಆ ಹಡಗಿನ ಕ್ಯಾಪ್ಟನ್ ಪರ್ಸಿ ಸ್ಕಾಟ್. 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು, 13ನೆಯ ವಯಸ್ಸಿಗೆ ನೌಕಾಪಡೆ ಸೇರಿದವನು. ಅವನು ಹೊಸ ತೋಪನ್ನೇನೂ ಕಂಡುಹಿಡಿಯಲಿಲ್ಲ. ತೋಪಿಗೂ ಅದರ ಹಿಂದೆ ನಿಂತ ಮನುಷ್ಯನಿಗೂ ನಡುವೆ ಏನೇನು ಕೆಡುತ್ತದೆ ಎಂಬುದನ್ನು ನೋಡಿದ. ಅವನ ಜಾಣತನವೆಲ್ಲ ಆ ನಡುವಿನ ಜಾಗದಲ್ಲೇ ಇತ್ತು ಎಂಬುದು ನನ್ನ ಅಭಿಪ್ರಾಯ.

ತೊಡಕು ಏನೆಂದು ಮೊದಲು ನೋಡೋಣ. ಜಾತ್ರೆಯಲ್ಲಿ ಏರ್‌ಗನ್ ಹಿಡಿದು ಬಲೂನು ಒಡೆಯಲು ಹೋದವರು ನಿಮ್ಮಲ್ಲಿ ಇರಬಹುದು. ಅದನ್ನೇ ಉಯ್ಯಾಲೆಯ ಮೇಲೆ ನಿಂತು ಮಾಡಬೇಕಾದರೆ? ಹಡಗು ಅತ್ತಿತ್ತ ಓಲಾಡುತ್ತಲೇ ಇರುತ್ತದೆ. ತೋಪಿನ ಮೂತಿ ಒಮ್ಮೆ ಆಕಾಶಕ್ಕೆ ಏಳುತ್ತದೆ, ಒಮ್ಮೆ ನೀರಿಗೆ ಇಳಿಯುತ್ತದೆ. ಅಂದಿನ ಪದ್ಧತಿ ಇಷ್ಟೇ: ಮೂತಿಯ ಎತ್ತರವನ್ನು ಒಂದು ಕಡೆ ಕಟ್ಟಿ ನಿಲ್ಲಿಸುವುದು, ಓಲಾಟದಲ್ಲಿ ಗುರಿ ಕಣ್ಣಿನ ರೇಖೆಗೆ ಬರುವವರೆಗೆ ಕಾಯುವುದು, ಬಂದ ಕ್ಷಣ ಹಾರಿಸುವುದು. ಆದರೆ ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಮೂತಿ ಗುರಿಯನ್ನು ದಾಟಿರುತ್ತದೆ. ಗುಂಡು ಹಡಗಿನ ನೆತ್ತಿಯ ಮೇಲೋ ನೀರಿಗೋ ಹೋಗುತ್ತದೆ.

ಅಭ್ಯಾಸದ ವೇಳೆ ಸ್ಕಾಟ್ ತನ್ನ ಗುರಿಕಾರರನ್ನು ಒಬ್ಬೊಬ್ಬರಾಗಿ ಗಮನಿಸಿದ. ಅವರಲ್ಲಿ ಒಬ್ಬ, ಯಾರೂ ಹೇಳಿಕೊಡದಿದ್ದರೂ, ಮೂತಿಯನ್ನು ಏರಿಸಿ ಇಳಿಸುವ ಚಕ್ರವನ್ನು ಓಲಾಟಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದ. ಅವನ ಗುಂಡುಗಳೇ ಹೆಚ್ಚು ತಗಲುತ್ತಿದ್ದವು. ಹಾಗಾದರೆ ಎಲ್ಲರೂ ಸದಾ ಹೀಗೆಯೇ ಮಾಡಿದರೆ? ಹಡಗು ಎಷ್ಟಾದರೂ ಓಲಾಡಲಿ, ಮೂತಿ ಗುರಿಯ ಮೇಲಿಂದ ಕದಲಬಾರದು.

ಇದಕ್ಕೆ ಅವನು ಮಾಡಿದ್ದೆಲ್ಲ ಹಡಗಿನ ಕಾರ್ಯಾಗಾರದಲ್ಲೇ ಆಗುವಂಥ ಕೆಲಸ. ಚಕ್ರ ಸಲೀಸಾಗಿ, ಬೇಗ ತಿರುಗುವಂತೆ ಹಲ್ಲುಗಾಲಿಗಳ ಪ್ರಮಾಣವನ್ನು ಬದಲಿಸಿದ. ಗುರಿ ನೋಡುವ ದುರ್ಬೀನು ತೋಪು ಸಿಡಿದಾಗ ಹಿಂದಕ್ಕೆ ಒದೆಯದಂತೆ, ಒದೆತಕ್ಕೆ ಸಿಗದ ಭಾಗದ ಮೇಲೆ ಅದನ್ನು ಕೂರಿಸಿದ. ಕಣ್ಣಿಗೆ ಪೆಟ್ಟಾಗುವ ಭಯ ಹೋಗದೆ ಯಾವ ಗುರಿಕಾರ ದುರ್ಬೀನಿಗೆ ಕಣ್ಣು ಒತ್ತಿಟ್ಟುಕೊಂಡಾನು? ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ‘ಡಾಟರ್’ ಎಂಬ ಉಪಕರಣ. ತೋಪಿನ ಮುಂದೆ ಒಂದು ಹಲಗೆ, ಅದರ ಮೇಲೆ ಮೇಲೆ ಕೆಳಗೆ ಆಡುವ ಪುಟ್ಟ ಗುರಿಚಿತ್ರ. ಗುರಿಕಾರ ಚಕ್ರ ತಿರುಗಿಸುತ್ತ ಅದನ್ನು ಹಿಂಬಾಲಿಸಬೇಕು. ಟ್ರಿಗರ್ ಒತ್ತಿದರೆ ಗುಂಡಿನ ಬದಲು ವಿದ್ಯುತ್ತಿನಿಂದ ಒಂದು ಪೆನ್ಸಿಲ್ ಕಾಗದದ ಮೇಲೆ ಚುಕ್ಕೆ ಇಡುತ್ತದೆ. ಮದ್ದಿಲ್ಲ, ಗುಂಡಿಲ್ಲ, ಖರ್ಚಿಲ್ಲ. ಬಂದರಿನಲ್ಲಿ ನಿಂತಲ್ಲೇ ದಿನವಿಡೀ ಅಭ್ಯಾಸ ಮಾಡಬಹುದು. ಯಾರ ಕೈ ಎಲ್ಲಿ ತಪ್ಪುತ್ತದೆ ಎಂಬುದು ಕಾಗದದ ಮೇಲೆಯೇ ಉಳಿಯುತ್ತದೆ. ಗುಂಡು ತುಂಬುವವರಿಗೂ ಬೇರೆ ಅಭ್ಯಾಸಯಂತ್ರ ಮಾಡಿಸಿದ.

ಮುಂದೆ ಅವನಿಗೆ ‘ಟೆರಿಬಲ್’ ಎಂಬ ದೊಡ್ಡ ಕ್ರೂಸರ್ ಸಿಕ್ಕಿತು. ಚೀನಾದ ಕಡೆಗೆ ಹೊರಟ ಹಡಗು ದಕ್ಷಿಣ ಆಫ್ರಿಕ ತಲುಪುವ ಹೊತ್ತಿಗೆ, ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ ನಡುವಿನ ಬೋಯರ್ ಯುದ್ಧ ಶುರುವಾಗಿತ್ತು. ಬೋಯರರ ‘ಲಾಂಗ್ ಟಾಮ್’ ಫಿರಂಗಿಗಳಷ್ಟು ದೂರ ಹೊಡೆಯುವ ಫಿರಂಗಿ ಬ್ರಿಟಿಷ್ ಸೈನ್ಯದ ಬಳಿ ಇರಲಿಲ್ಲ, ನೌಕಾಪಡೆಯ ಬಳಿ ಇತ್ತು. ಹಡಗಿನ ಕಟ್ಟೆಗೆ ಬಿಗಿದ ತೋಪನ್ನು ಬಯಲಿಗೆ ಒಯ್ಯುವುದು ಹೇಗೆ? ಸ್ಕಾಟ್ ದಪ್ಪ ಮರದ ತೊಲೆಗಳಿಂದ 4.7 ಇಂಚಿನ ತೋಪಿಗೆ ಪೀಠವನ್ನೂ, ಚಿಕ್ಕ ತೋಪುಗಳಿಗೆ ಗಾಲಿಗಾಡಿಯನ್ನೂ ಕೆಲವೇ ದಿನಗಳಲ್ಲಿ ಕಟ್ಟಿಸಿದ. ಅವು ‘ಪವರ್‌ಫುಲ್’ ಹಡಗಿನ ನಾವಿಕರೊಂದಿಗೆ ರೈಲಿನಲ್ಲಿ ನಟಾಲಿನ ಲೇಡಿಸ್ಮಿತ್ ಊರು ಸೇರಿದ್ದು 1899ರ ಅಕ್ಟೋಬರ್ 30ರಂದು. ಮೂರೇ ದಿನಕ್ಕೆ ಊರಿಗೆ ಬೋಯರರ ಮುತ್ತಿಗೆ ಬಿತ್ತು. ಆ ದಿನಗಳಲ್ಲಿ ಸ್ಕಾಟ್ ಡರ್ಬನ್ ನಗರದ ಸೇನಾಡಳಿತಗಾರ. ಅದೇ ನಟಾಲಿನ ಭಾರತೀಯರನ್ನು ಕೂಡಿಸಿ ಗಾಂಧಿ ಗಾಯಾಳುಗಳನ್ನು ಹೊರುವ ತಂಡ ಕಟ್ಟಿದ್ದೂ ಆಗಲೇ. ಕೊಲೆಂಜೊ ಕದನದಲ್ಲಿ ನೌಕಾಪಡೆಯ ತೋಪುಗಳೂ ಇದ್ದವು, ಆ ಡೋಲಿಗಳೂ ಇದ್ದವು.

ಚೀನಾ ಸಮುದ್ರದಲ್ಲಿ ಸ್ಕಾಟ್‌ಗೆ ವಿಲಿಯಂ ಸಿಮ್ಸ್ ಎಂಬ ಅಮೆರಿಕನ್ ಲೆಫ್ಟಿನೆಂಟ್ ಪರಿಚಯವಾದ. ಎಲ್ಲವನ್ನೂ ನೋಡಿ ಕಲಿತ ಸಿಮ್ಸ್ ತನ್ನ ಸರ್ಕಾರಕ್ಕೆ ವರದಿಯ ಮೇಲೆ ವರದಿ ಬರೆದ. ಅಮೆರಿಕದ ಸ್ಥಿತಿ ಇನ್ನೂ ಹೀನವಾಗಿತ್ತು. 1899ರಲ್ಲಿ ಅಲ್ಲಿನ ಐದು ಹಡಗುಗಳು ಒಂದೂವರೆ ಕಿಲೋಮೀಟರ್ ದೂರದ ಹಳೆಯ ಹಡಗೊಂದಕ್ಕೆ ತಲಾ ಐದು ನಿಮಿಷ ಗುಂಡು ಸುರಿಸಿ, ಅದರ ಹಾಯಿಗೆ ಎರಡು ತೂತು ಮಾಡಿದ್ದವು. ಆದರೂ ವಾಷಿಂಗ್ಟನ್ ಕಚೇರಿಯ ಉತ್ತರ ಸ್ಪಷ್ಟವಾಗಿತ್ತು: ಇದು ಅಸಾಧ್ಯ. ಅಸಾಧ್ಯವೆಂದು ರುಜುವಾತು ಮಾಡಲು ನೆಲದ ಮೇಲೆಯೇ ಪ್ರಯೋಗ ಮಾಡಿದರು. ಅಷ್ಟು ಭಾರದ ತೋಪನ್ನು ಅಷ್ಟು ಬೇಗ ಏರಿಸಿ ಇಳಿಸಲು ಐದು ಜನರಿಂದಲೂ ಆಗಲಿಲ್ಲ. ಲೆಕ್ಕ ಸರಿಯಾಗಿತ್ತು, ಜಾಗ ತಪ್ಪಾಗಿತ್ತು. ನೀರಿನ ಮೇಲೆ ಓಲಾಡುವುದು ಹಡಗು. ತೋಪು ತನ್ನ ಜಡತ್ವದಿಂದ ಇದ್ದಂತೆಯೇ ಇರಲು ನೋಡುತ್ತದೆ. ಗುರಿಕಾರ ಆ ಸ್ವಭಾವಕ್ಕೆ ಸ್ವಲ್ಪ ಕೈ ಜೋಡಿಸಿದರೆ ಸಾಕು. ನೆಲದ ಮೇಲೆ ಆ ನೆರವು ಇಲ್ಲವೇ ಇಲ್ಲ. ಕೊನೆಗೆ ಸಿಮ್ಸ್ ಕಟ್ಟುಪಾಡು ಮೀರಿ ನೇರವಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ ಬರೆದ. 1902ರಲ್ಲಿ ಗುರಿ ತರಬೇತಿಯ ಅಧಿಕಾರಿ ಹುದ್ದೆ ಅವನಿಗೇ ಬಂತು.

ಬ್ರಿಟನ್ನಿನಲ್ಲೂ ಸ್ಕಾಟ್ 1905ರಲ್ಲಿ ಅಂಥದೇ ಹುದ್ದೆಗೇರಿದ. ಅಷ್ಟರಲ್ಲಿ ಅವನಿಗೆ ಸಾಕಷ್ಟು ಶತ್ರುಗಳಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ಅರ್ಧಕ್ಕರ್ಧ ಅವನೇ ಮಾಡಿಕೊಂಡವರು. ತಾನೇ ಸರಿ ಎಂಬ ಧೋರಣೆ, ಪತ್ರಿಕೆಗಳ ಮುಂದೆ ಹೇಳಿಕೊಳ್ಳುವ ಚಪಲ, ಮಾತಿನಲ್ಲಿ ಮುಳ್ಳು. 1907ರಲ್ಲಿ ಜರ್ಮನ್ ಚಕ್ರವರ್ತಿ ಕೈಸರ್‌ನ ಭೇಟಿಗಾಗಿ ಹಡಗುಗಳಿಗೆ ಬಣ್ಣ ಬಳಿಯಬೇಕೆಂದು ಮೇಲಧಿಕಾರಿ ಅಡ್ಮಿರಲ್ ಬೆರೆಸ್ಫರ್ಡ್‌ನ ಆಜ್ಞೆಯಾಯಿತು. ಸ್ಕಾಟ್‌ನ ದಳದ ‘ರಾಕ್ಸ್‌ಬರೋ’ ಹಡಗು ಆಗ ಗುರಿ ಅಭ್ಯಾಸದಲ್ಲಿತ್ತು. ಗುಂಡಿಗಿಂತ ಬಣ್ಣಕ್ಕೇ ಬೇಡಿಕೆ ಹೆಚ್ಚಿದಂತಿದೆ, ಬಂದು ಸಿಂಗರಿಸಿಕೊಳ್ಳಿ ಎಂಬರ್ಥದ ಸಂಕೇತವನ್ನು ಅವನು ಎಲ್ಲರಿಗೂ ಕಾಣುವಂತೆ ಕಳಿಸಿದ. ಬೆರೆಸ್ಫರ್ಡ್ ಕೆರಳಿ ಅವನನ್ನು ಬಹಿರಂಗವಾಗಿ ಛೀಮಾರಿ ಹಾಕಿದ. ಮಾತು ನಿಜ; ಹೇಳಿದ ರೀತಿ ಸೈನ್ಯದ ಶಿಸ್ತಿಗೆ ಒಗ್ಗುವಂಥದ್ದಲ್ಲ.

ಈ ಜಗಳಗಳ ನಡುವೆಯೇ ಅವನು ಎರಡನೆಯ ದೊಡ್ಡ ಹೆಜ್ಜೆ ಇಟ್ಟಿದ್ದ. ದೂರ ಹೆಚ್ಚಿದಂತೆ ಪ್ರತಿ ತೋಪಿನ ಗುರಿಕಾರನೂ ತನ್ನಷ್ಟಕ್ಕೆ ನೋಡಿ ಹೊಡೆಯುವುದು ನಿಷ್ಪ್ರಯೋಜಕ; ಹೊಗೆ, ನೀರಿನ ಸಿಂಚನ, ಒಬ್ಬನ ಗುಂಡು ಇನ್ನೊಬ್ಬನದರ ಜೊತೆ ಬೆರೆತುಹೋಗುವ ಗೊಂದಲ. ಬದಲಿಗೆ ಪಟಸ್ತಂಭದ ಎತ್ತರದಲ್ಲಿ ಒಬ್ಬನೇ ಕುಳಿತು ಗುರಿ ಹಿಡಿಯಲಿ, ಅವನ ಒಂದೇ ಒತ್ತಿಗೆ ಎಲ್ಲ ತೋಪುಗಳೂ ಒಟ್ಟಿಗೆ ಸಿಡಿಯಲಿ. ಇದೇ ‘ಡೈರೆಕ್ಟರ್’ ವ್ಯವಸ್ಥೆ. 1912ರ ನವೆಂಬರ್‌ನಲ್ಲಿ ಐರ್ಲೆಂಡಿನ ಬ್ಯಾಂಟ್ರಿ ಕೊಲ್ಲಿಯ ಬಳಿ ಅವಳಿಗಳಂಥ ಎರಡು ಯುದ್ಧನೌಕೆಗಳ ಪರೀಕ್ಷೆ ನಡೆಯಿತು. ಡೈರೆಕ್ಟರ್ ಇದ್ದ ‘ಥಂಡರರ್’, ಇಲ್ಲದ ‘ಓರಿಯನ್’ಗಿಂತ ಹಲವು ಪಟ್ಟು ಹೆಚ್ಚು ಸಲ ಗುರಿ ಮುಟ್ಟಿತು. ಸ್ಕಾಟ್ ಮರುವರ್ಷವೇ ನಿವೃತ್ತನಾದ.

ನಿವೃತ್ತಿಯ ನಂತರ ಅವನು ಹೇಳಿದ ಮಾತಿಗೆ ಎಲ್ಲರೂ ನಕ್ಕರು. 1914ರ ಜೂನ್‌ನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದು, ಜಲಾಂತರ್ಗಾಮಿ ಬಂದ ಮೇಲೆ ದೊಡ್ಡ ಯುದ್ಧನೌಕೆಗಳ ಕಾಲ ಮುಗಿಯಿತು ಎಂದ. ಜೀವನವಿಡೀ ದೊಡ್ಡ ತೋಪುಗಳಿಗೆ ದುಡಿದವನ ಬಾಯಲ್ಲಿ ಈ ಮಾತು! ಮೊದಲ ಮಹಾಯುದ್ಧ ಶುರುವಾದ ಮೇಲೆ, ಅದೇ ವರ್ಷದ ಸೆಪ್ಟೆಂಬರ್ 22ರಂದು, ಒಂದೇ ಜರ್ಮನ್ ಜಲಾಂತರ್ಗಾಮಿ ಒಂದೇ ಬೆಳಿಗ್ಗೆ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಮುಳುಗಿಸಿತು. ಸತ್ತವರು 1,400ಕ್ಕೂ ಹೆಚ್ಚು. ಕಾಕತಾಳೀಯವೆಂದರೆ ಜರ್ಮನರ ‘ಎಂಡೆನ್’ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದದ್ದು ಅದೇ ದಿನದ ರಾತ್ರಿ. ಹಾಗೆಂದು ಸ್ಕಾಟ್ ಪೂರ್ತಿ ಸರಿಯಾಗಿರಲಿಲ್ಲ. ಯುದ್ಧನೌಕೆಗಳು ಇನ್ನೂ ಒಂದು ಮಹಾಯುದ್ಧದವರೆಗೆ ಬಾಳಿದವು. ಅವುಗಳ ಪಟ್ಟ ಕಸಿದದ್ದು ಹೆಚ್ಚಾಗಿ ವಿಮಾನ.

1915ರಲ್ಲಿ ಜೆಪ್ಪೆಲಿನ್ ಎಂಬ ಜರ್ಮನ್ ವಾಯುನೌಕೆಗಳು ಲಂಡನ್ ಮೇಲೆ ಬಾಂಬು ಹಾಕತೊಡಗಿದಾಗ ನಗರದ ರಕ್ಷಣೆಯನ್ನು ಈ ಮುದುಕನಿಗೆ ಒಪ್ಪಿಸಿದರು. ವಿಮಾನಕ್ಕೆ ಹೊಡೆಯುವ ಒಳ್ಳೆಯ ತೋಪು ಪ್ಯಾರಿಸ್ಸಿನಲ್ಲಿದೆ ಎಂದು ಗೊತ್ತಾದ ಕೂಡಲೇ, ಕಡತ ಚಲಿಸುವುದನ್ನು ಕಾಯದೆ ತನ್ನ ಅಧಿಕಾರಿಯೊಬ್ಬನನ್ನು ಅಲ್ಲಿಗೆ ಅಟ್ಟಿ ಒಂದನ್ನು ತರಿಸಿಕೊಂಡ. ಮುಂದಿನ ವರ್ಷ ಆ ಹೊಣೆ ಭೂಸೈನ್ಯಕ್ಕೆ ಹೋಯಿತು. ಅದೇ 1916ರ ಮೇ 31ರಂದು ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ಜಟ್‌ಲ್ಯಾಂಡ್ ಕದನ ನಡೆಯಿತು. ಅಷ್ಟರಲ್ಲಿ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಬಹುತೇಕ ಎಲ್ಲಕ್ಕೂ ಡೈರೆಕ್ಟರ್ ಬಂದಿತ್ತು. ಆದರೂ ಗುರಿ ಮುಟ್ಟಿದ ಗುಂಡುಗಳು ನೂರಕ್ಕೆ ಮೂರರ ಆಸುಪಾಸು. ಅಷ್ಟು ದೂರದಲ್ಲಿ ಗುರಿ ಹಿಡಿದರೆ ಸಾಲದು, ಗುಂಡು ಬೀಳುವ ಹೊತ್ತಿಗೆ ಶತ್ರು ಎಲ್ಲಿರುತ್ತಾನೆಂದು ಲೆಕ್ಕ ಹಾಕಬೇಕು. ಆ ಗಣನಯಂತ್ರಗಳು ಡ್ರೇಯರ್, ಪೊಲೆನ್ ಮೊದಲಾದ ಬೇರೆಯವರ ಕ್ಷೇತ್ರ. ಆ ಕದನದಲ್ಲಿ ಮುಳುಗಿದ ‘ಡಿಫೆನ್ಸ್’ ಹಡಗಿನಲ್ಲಿ ಸ್ಕಾಟ್‌ನ ಹಿರಿಯ ಮಗನೂ ಇದ್ದ.

1919ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವನು ನೌಕಾಡಳಿತದ ಮೇಲಿನ ಹಳೆಯ ಲೆಕ್ಕಗಳನ್ನೆಲ್ಲ ತೀರಿಸಿಕೊಂಡ, 1924ರಲ್ಲಿ ತೀರಿಕೊಂಡ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.