ಮೊದ್ಲು ರೇಡಿಯೋ ಆಫ್ ಮಾಡ್ಸಿ ಗುರು

ಬಸವನಗುಡಿಲಿ ಒಂದು ದರ್ಶಿನಿಗೆ ಬೆಳಗ್ಗೆ ಆರಕ್ಕೇ ಹೋಗಿ ಶಾರ್ಟ್ ಫಿಲ್ಮ್ ಶೂಟ್ ಮಾಡಿದ್ವಿ, ಇಬ್ರು ನಿಂತ್ಕೊಂಡು ಬೈಟೂ ಕಾಫಿ ಕುಡೀತಾ ಜಗಳ ಆಡೋ ಸೀನು, ಸಖತ್ತಾಗೇ ಬಂತು, ಎಡಿಟಿಗೆ ಕೂತಾಗ ನೋಡಿದ್ರೆ ಡೈಲಾಗ್ ಹಿಂದೆ ಕ್ಯಾಷ್ ಕೌಂಟರ್ ರೇಡಿಯೋದಲ್ಲಿ ಹಳೇ ಸಿನಿಮಾ ಹಾಡು ನೀಟಾಗಿ ಕೇಳಿಸ್ತಿದೆ, ಅದಕ್ಕೆ ನಮ್ ಹತ್ರ ಪರ್ಮಿಷನ್ ಇಲ್ಲ. ಎಡಿಟರ್ ಅಂದ, "ಹತ್ತು ಸೆಕೆಂಡ್ ಒಳಗಿದ್ರೆ ಏನೂ ಆಗಲ್ಲ ಗುರು."

ಈ ಹತ್ತು ಸೆಕೆಂಡ್ ಪುರಾಣ ಯಾರು ಹಬ್ಬಿಸಿದ್ರೋ! 1957ರ ಕಾಪಿರೈಟ್ ಆಕ್ಟ್ ಪೂರ್ತಿ ಜಾಲಾಡಿದ್ರೂ ಅಂಥ ಸೆಕೆಂಡ್ ಲೆಕ್ಕ ಸಿಗಲ್ಲ. 52ನೇ ಸೆಕ್ಷನ್‌ನಲ್ಲಿ ವಿಮರ್ಶೆಗೆ, ಸುದ್ದಿಗೆ, ಸ್ವಂತ ಸ್ಟಡಿಗೆ ವಿನಾಯಿತಿ ಇದೆ, ನಮ್ಮ ಕಾಫಿ ಜಗಳ ಅದ್ರಲ್ಲಿ ಯಾವುದು ಹೇಳಿ? ಮಜಾ ಏನಂದ್ರೆ ಅದೇ ಸೆಕ್ಷನ್ ಪ್ರಕಾರ ದರ್ಶಿನಿ ಗೋಡೆ ಮೇಲಿನ ಪೇಂಟಿಂಗು, ಹಿಂದೆ ನೇತಾಡೋ ಕ್ಯಾಲೆಂಡರ್ ಚಿತ್ರ ಫ್ರೇಮಲ್ಲಿ ಸುಮ್ನೆ ಬಂದ್ರೆ ತೊಂದ್ರೆ ಇಲ್ಲ, ಚಿತ್ರಕ್ಕೆ ಕೊಟ್ಟ ಆ ರಿಯಾಯಿತಿನ ಹಾಡಿಗೆ ಕೊಟ್ಟಿಲ್ಲ. ನನ್ ಕೇಳಿದ್ರೆ ಅನ್ಯಾಯ, ರೇಡಿಯೋ ಇಲ್ದಿರೋ ದರ್ಶಿನಿ ಎಲ್ಲಿಂದ ತರೋಣ? ತೀರಾ ಚೂರುಪಾರು ಬಳಕೆನ ಲೆಕ್ಕಕ್ಕೆ ತಗೋಬಾರ್ದು ಅಂತ 2012ರಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದಿದೆ, ಆದ್ರೆ ಅದು ಕೋರ್ಟಲ್ಲಿ ನಿಂತು ಮಾಡೋ ವಾದ, ಫಿಲ್ಮ್ ಫೆಸ್ಟಿವಲ್‌ನವ್ರು ಕೇಳೋದು ಹಾಡಿನ ಪರ್ಮಿಷನ್ ಪೇಪರ್ರು.

ಸರಿ, ದಾಸರ ಪದ ಹಾಕೋಣ ಅಂದ್ಕೊಂಡ್ವಿ. ಪುರಂದರದಾಸರ ಸಾಹಿತ್ಯಕ್ಕೆ ಯಾರ ಪರ್ಮಿಷನ್ನೂ ಬೇಡ, ಆದ್ರೆ ಯೂಟ್ಯೂಬಿಂದ ಇಳಿಸ್ಕೊಂಡ ರೆಕಾರ್ಡಿಂಗ್ ಬೇರೆಯವ್ರ ಆಸ್ತಿ, ರಿಲೀಸಾದ ಮುಂದಿನ ವರ್ಷದಿಂದ 60 ವರ್ಷ. ಧಾಟಿ ಬಗ್ಗೆನೂ ಹುಷಾರು, ನೀವು ಕೇಳಿ ಬೆಳೆದ ಟ್ಯೂನು ಮೊನ್ನೆಮೊನ್ನೆ ಯಾರೋ ಹಾಕಿದ್ದಿರಬಹುದು. ಸಿನಿಮಾ ಹಾಡಾದ್ರಂತೂ ಸಾಹಿತ್ಯದ ಹಕ್ಕು ಒಂದು, ಸಂಗೀತದ್ದು ಒಂದು, ರೆಕಾರ್ಡಿಂಗ್‌ದು ಇನ್ನೊಂದು. 1964ರ ಹಾಡಿನ ರೆಕಾರ್ಡಿಂಗ್ ಹಕ್ಕು 2024ಕ್ಕೆ ಮುಗೀತು ನಿಜ, ಬರೆದವ್ರು ಟ್ಯೂನ್ ಮಾಡಿದವ್ರದ್ದು ಅವ್ರು ತೀರ್ಕೊಂಡು 60 ವರ್ಷ ಆಗೋ ತನಕ ಇರುತ್ತೆ.

ಕೊನೆಗೆ ಮ್ಯೂಸಿಕ್ ಮಾಡೋ ನಮ್ ಫ್ರೆಂಡನ್ನ ಹಿಡ್ಕೊಂಡ್ವಿ, ಅವನೇ ಬರೆದು ಅವನೇ ಹಾಡಿದ್ದು ಒಂದಿತ್ತು. "ಯೂಸ್ ಮಾಡ್ಕೋ ಮಗಾ" ಅಂದ. ಅಷ್ಟು ಸಾಲಲ್ಲ ರೀ! ಪರ್ಮಿಷನ್ ಬರವಣಿಗೆಲೇ ಇರ್ಬೇಕು, ಅದ್ರಲ್ಲೂ ಎಷ್ಟು ವರ್ಷ ಅಂತ ಬರೀದಿದ್ರೆ 5 ವರ್ಷ ಅಂತಲೇ ಲೆಕ್ಕ, ಎಲ್ಲೆಲ್ಲಿ ಅಂತ ಬರೀದಿದ್ರೆ ಇಂಡಿಯಾ ಮಾತ್ರ. ಅಂದ್ರೆ ಹೊರದೇಶದ ಫೆಸ್ಟಿವಲ್‌ಗೆ ಕಳ್ಸಿದ್ರೆ ಆಯ್ತು ಕಥೆ, ಆರನೇ ವರ್ಷ ಯೂಟ್ಯೂಬಿಗೆ ಹಾಕಿದ್ರೂ ಅಷ್ಟೇ. ಗಾಂಧಿ ಬಜಾರಲ್ಲಿ ಪ್ರಿಂಟ್ ತೆಗೆಸಿ, ಪ್ರಪಂಚದಾದ್ಯಂತ, ಹಕ್ಕು ಇರೋವರೆಗೂ, ಈ ಸಿನಿಮಾಗೆ ಮಾತ್ರ ಅಂತ ಬರೆಸಿ ಸೈನ್ ಹಾಕ್ಸಿದೆ. ಅವನು ಒಂದ್ಸಲ ನನ್ ಮುಖ, ಒಂದ್ಸಲ ಪೇಪರ್ ನೋಡಿ, "ಏನ್ ಮಗಾ, ಸೈಟ್ ರಿಜಿಸ್ಟ್ರೇಷನ್ನಾ ಇದು?" ಅಂದ.